ಅರವತ್ತು ವೋಲ್ಟ್ ಕುಡಿದವರು ಯಾರು?

ಮನೆಯಿಂದ,
ಸೋಮವಾರ, ಹನ್ನೆರಡನೇ ತಾರೀಕು

ಪ್ರೀತಿಯ ಮಗಳೇ,

ಹಡಗಿನಲ್ಲಿ ಆರೋಗ್ಯವಾಗಿದ್ದೀಯಾ? ಹೊಟ್ಟೆ ತೊಳಸುವುದು ನಿಂತಿತೇ? ನನ್ನ ಮಂಡಿನೋವು ನನ್ನ ಜೊತೆ ಚೆನ್ನಾಗಿ ಹೊಂದಿಕೊಂಡಿದೆ. ನಿನ್ನ ಅಮ್ಮನ ಗಂಟಲಿನ ಆಪರೇಷನ್ ಗುರುವಾರವೇ. ಆಮೇಲೆ ಇದೇ ದನಿ ಉಳಿಯುತ್ತದೆಂದು ಹೇಳಲಾರೆ ಅಂದಿದ್ದಾರೆ ಡಾಕ್ಟರು. ಇರುವುದು ಮೂರೇ ದಿನ. ಅವಳ ದನಿ ಹಿಡಿದಿಡಲೆಂದು ನೀನು ರಜೆಯಲ್ಲಿ ಮಾಡಿಟ್ಟುಹೋದ ಮೈಕು ಇನ್ನೂ ಬಳಕೆಗೆ ಬಂದಿಲ್ಲ. ಇದರ ಹಿಂದೆ ನಿನ್ನ ಗಂಡನ ಕೈವಾಡವಿದೆ ಎಂದು ನನ್ನ ಗುಮಾನಿ.

ನೀನು ಬರೆದಿಟ್ಟ ಚೀಟಿಯನ್ನು, ಕಳೆದುಹೋಗದಿರಲೆಂದು, ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ‘ಸಣ್ಣ ಸ್ಕ್ರೂ ತಿರುಗಿಸಿ, ಮೈಕಿನೊಳಗೆ ದನಿ ಹಿಡಿಯುವ ಕ್ಯಾಪ್ಸೂಲಿಗೆ ಅರವತ್ತು ವೋಲ್ಟ್ ಹೊಂದಿಸು. ಹೆಚ್ಚಾದರೆ ಒಳಗಿನ ತೆಳುಹಾಳೆ ಹಿಂದಿನ ತಟ್ಟೆಗೆ ಅಂಟಿಕೊಂಡು ಹಾಳಾಗುತ್ತದೆ, ಕಡಿಮೆಯಾದರೆ ದನಿ ಏಳುವುದಿಲ್ಲ.’ ನಿನ್ನೆ ಬೆಳಿಗ್ಗೆ ಅಳಿಯ ಮಹಾಶಯರು ಮೈಕಿನ ಬೋರ್ಡಿನ ಮೇಲೆ ಎಲ್ಲೋ ವೋಲ್ಟ್ ಅಳೆಯುವ ಮೀಟರಿನ ಕಡ್ಡಿ ಇಟ್ಟು, ಸ್ಕ್ರೂ ತಿರುಗಿಸಿ, ಅರವತ್ತು ತೋರಿಸಿದರು. ಯಾರೂ ಮುಟ್ಟದಿರಲೆಂದು ನಾನು ಸ್ಕ್ರೂ ಮೇಲೆ ನಿನ್ನ ಅಮ್ಮನ ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ನಾನು. ಗಾಜು ಪುಡಿಯಾದ ಗಡಿಯಾರ ತಂದು ‘ಬಿದ್ದೇ ಇಲ್ಲ’ ಎನ್ನುವವರನ್ನೇ ನೋಡಿದ್ದೇನೆ. ಅಳಿಯಂದಿರು ತೋರಿಸಿದ ಜಾಗವನ್ನು ನಂಬದೆ, ಊಟವಾದ ಮೇಲೆ ಕ್ಯಾಪ್ಸೂಲಿನ ತಂತಿಗೇ ಕಡ್ಡಿ ಮುಟ್ಟಿಸಿದೆ. ಐದೂವರೆ! ಚುಕ್ಕೆ ಹಾಗೇ ಇತ್ತು. ಅಂದರೆ ಕೆರೆದು, ತಿರುಗಿಸಿ, ಅದೇ ಬಾಟಲಿಯಿಂದ ಮತ್ತೆ ಹಚ್ಚಿದ್ದಾರೆ. ಸರಿಪಡಿಸೋಣವೆಂದು ಸ್ಕ್ರೂಡ್ರೈವರ್ ಹುಡುಕಿದರೆ ಅದು ಅವರ ಅಂಗಿಯ ಜೇಬಿನಲ್ಲಿತ್ತು.

ಕೇಳಿದ್ದಕ್ಕೆ, ‘ಮಾವ, ನೀವು ತಿರುಗಿಸಿಬಿಡ್ತೀರ ಅಂತ ಭಯ. ಅಲ್ಲಿ ಅರವತ್ತೇ ಇದೆ, ಮುಟ್ಟಿಸಿದ ತಕ್ಷಣ ಆ ವೋಲ್ಟನ್ನ ಮೀಟರೇ ಕುಡಿದುಬಿಡುತ್ತೆ’ ಅಂದರು. ಎಂಥಾ ಬುರುಡೆ! ನಾನು ನೋಡಿದೆನೆಂದು ಯಾವ ಗಡಿಯಾರವೂ ಇದುವರೆಗೆ ನಿಧಾನವಾಗಿಲ್ಲ. ಮೈಕು ಕೆಟ್ಟರೆ, ಅಮ್ಮನ ದನಿ ಕೇಳಲು ನೀನು ಕೆಲಸ ಬಿಟ್ಟು ಓಡಿಬರುತ್ತೀಯೆಂಬ ಆಸೆ ಅವರಿಗೆ. ಬಾಯಿಗೆ ಬಂದಂತೆ ‘ಮನೆಮುರುಕ’ ಎಂದುಬಿಟ್ಟೆ. ನಿನ್ನೆಯಿಂದ ಅವರು ಮಾತಾಡಿಲ್ಲ. ನಿನ್ನ ಅಮ್ಮನೂ ಅವರ ಪಕ್ಷವೇ. ‘ನೀವಿಬ್ಬರೂ ರಾಜಿಯಾಗೋವರೆಗೂ ಆ ಮೈಕಿನ ಮುಂದೆ ನಾನು ಒಂದು ಮಾತೂ ಆಡಲ್ಲ’ ಎಂದು ಹಟ ಹಿಡಿದಿದ್ದಾಳೆ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ, ಆದರೂ ಯಾರಿಗಾದರೂ ಹೇಳಿಕೊಳ್ಳಬೇಕಲ್ಲ. ನನಗೆ ಹೆದರಿಕೆಯಾಗುತ್ತಿದೆ, ಮಗಳೇ.

ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ.: ಮಂಗಳವಾರ, ಅವಸರದಲ್ಲಿ. ವಿಳಾಸ ಬರೆಯಲು ಕೂತಾಗ ನಿನ್ನ ಚೀಟಿ ಗೋಡೆಯಿಂದ ಕಿತ್ತುಬಂದು ಮಡಿಲಿಗೆ ಬಿತ್ತು. ಹಿಂಬದಿಯಲ್ಲೂ ನಿನ್ನ ಬರಹ! ‘ಅಪ್ಪಾ, ಕ್ಯಾಪ್ಸೂಲಿನ ತಂತಿಗೆ ಮೀಟರ್ ಮುಟ್ಟಿಸಬೇಡ, ಸುಳ್ಳು ತೋರಿಸುತ್ತದೆ. ಅಳೆಯುವ ಜಾಗ ಇವರಿಗೆ ಗೊತ್ತು.’ ಅಳಿಯನ ಮುಂದೆ ಹೋಗಿ ನಿಂತು ತಪ್ಪಾಯ್ತು ಎಂದೆ. ‘ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ’ ಅಂದಳು ನಿನ್ನ ಅಮ್ಮ. ಅಷ್ಟರಲ್ಲಿ ಅವನು ಮೈಕು ಚಾಲೂ ಮಾಡಿದ್ದನಂತೆ. ನಿನಗೆ ಬರುವ ರೆಕಾರ್ಡಿಂಗ್ ಶುರುವಾಗುವುದೇ ನನ್ನ ಎರಡನೇ ‘ತಪ್ಪಾಯ್ತು’ ಎಂಬುದರಿಂದ. ನನ್ನ ಮಾನ ಉಳಿಸಲು ಹೋಗಿ ಅದನ್ನು ಕತ್ತರಿಸಬೇಡ. ನಾನು ಹೇಳಿ ಮುಗಿಸುವ ಮೊದಲೇ ನಿನ್ನ ಅಮ್ಮ ನಗಲು ಶುರುಮಾಡಿದ್ದಾಳೆ.