ನೀರಿನ ಟ್ಯೂಬೂ ‘ಇದೆ’ ಅಂದಾಗ

ಬುಧವಾರ, ಹನ್ನೊಂದನೇ ತಾರೀಖು
ಬಾಡಿಗೆ ರೂಮಿನ ಹೊರಗಿನ ಮೆಟ್ಟಿಲು

ಪ್ರೀತಿಯ ಅಕ್ಕಾ,

ಅದೂ ಸಾಲದು ಅಂತ ನಮ್ಮ ಸೀನಿಯರ್ ಎಲ್ಲರ ಮುಂದೆ, “ಏನಮ್ಮಾ, ನೀರಿಗೂ ಟಿಬಿನಾ? ಮಾತ್ರೆ ಯಾರಿಗೆ ಕೊಡೋಣ, ನಲ್ಲಿಗಾ?” ಅಂದ್ಬಿಟ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ತಡಿ, ಮೊದಲಿಂದ ಹೇಳ್ತೀನಿ, ನನ್ನ ಬಾಯಿ ಯಾವಾಗ್ಲೂ ತಲೆಗಿಂತ ಮುಂದೆ ಓಡುತ್ತೆ. ನೀನು ಹೇಗಿದೀಯಾ? ಸೊಂಟ ನೋವು ಕಡಿಮೆ ಆಯ್ತಾ? ಭಾವ ಪಾತ್ರೆ ತೊಳೀತಿದಾರಾ ಇಲ್ಲಾ ಬರೀ ಮಾತಲ್ಲೇನಾ? ಅಪ್ಪನ ಕೆಮ್ಮು?

ವಿಷಯ ಇಷ್ಟೇ. ನಮ್ಮ ಲ್ಯಾಬಲ್ಲಿ ಕಫದೊಳಗೆ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕೋದು ನಿನಗೆ ಗೊತ್ತಲ್ಲ. ಸಿಕ್ಕ ಚೂರನ್ನ ಮಷೀನು ನಕಲು ಮಾಡುತ್ತೆ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಹಾಗೇ ಲೆಕ್ಕಕ್ಕೆ ಸಿಗೋವಷ್ಟು ಆಗೋವರೆಗೂ. ಕ್ರಿಮಿ ತೀರಾ ಕಡಿಮೆ ಇದ್ರೆ ಆಗಲೂ ಸಿಗಲ್ಲ. ಅದಕ್ಕೇ ಮೂರು ತಿಂಗಳಿಂದ ಹೊಸ ದಾರಿ ಹಿಡಿದಿದ್ದೆ. ಮೊದಲನೇ ಟ್ಯೂಬಿಂದ ಒಂದು ಹನಿ ತೆಗೆದು ಇನ್ನೊಂದು ಟ್ಯೂಬಿಗೆ ಹಾಕಿ ಮತ್ತೆ ನಕಲು ಮಾಡಿಸೋದು. ಮುಂಚೆ ನೂರು ಕ್ರಿಮಿ ಇದ್ರೆ ಸಿಗ್ತಿತ್ತು, ಈಗ ಐದಿದ್ರೂ ಸಿಗುತ್ತೆ. ಎಷ್ಟು ಜಂಬ ಪಟ್ಟಿದ್ದೆ ಗೊತ್ತಾ!

ಆದ್ರೆ ಟ್ಯೂಬಿನ ಮುಚ್ಚಳ ತೆಗೆದ್ರೆ ಕೋಟಿಗಟ್ಟಲೆ ನಕಲು ಹೊರಗೆ ಚೆಲ್ಲಾಪಿಲ್ಲಿ. ಅದರಲ್ಲಿ ಒಂದು ಹೊಸ ಟ್ಯೂಬಿಗೆ ಬಿದ್ರೂ ಮುಗೀತು, ಯಾರ ಕಫ ಆದ್ರೂ ‘ಇದೆ’ ಅಂತಾನೇ ಬರುತ್ತೆ. ಹಾಗಾಗಿ ನಮ್ಮಲ್ಲಿ ಮೂರು ರೂಮು: ಮೊದಲನೇದರಲ್ಲಿ ಹೊಸ ಟ್ಯೂಬು ತಯಾರಿ, ಎರಡನೇದರಲ್ಲಿ ಕಫ ಸೇರಿಸೋದು, ಮೂರನೇದರಲ್ಲಿ ನಕಲಾದ ಟ್ಯೂಬು ತೆಗೆಯೋದು. ಮೊದಲನೇದರಿಂದ ಮೂರನೇದಕ್ಕೆ ಹೋಗಬಹುದು, ಮೂರನೇದರಿಂದ ಒಂದು ಚೀಟಿಯೂ ಹಿಂದಕ್ಕೆ ಬರಕೂಡದು. ಎಲ್ಲ ಸರಿಯಿದೆಯಾ ಅಂತ ನೋಡೋಕೆ ಪ್ರತಿ ಸಲ ಬರೀ ನೀರು ತುಂಬಿದ ನಾಲ್ಕು ಟ್ಯೂಬನ್ನೂ ಜೊತೆಗಿಡ್ತೀವಿ. ನೀರು ಸುಮ್ಮನಿರಬೇಕು. ಇವತ್ತು ನಾಲ್ಕರಲ್ಲಿ ಮೂರು ‘ಇದೆ’ ಅಂತ ಬಾಯಿಬಿಟ್ಟವು.

ಮೇಜು ಒರೆಸಿದೆ, ಗ್ಲೌಸು ಬದಲಾಯಿಸಿದೆ, ಹೊಸ ನೀರು ತಂದೆ. ಮತ್ತೆ ‘ಇದೆ’. ಕೊನೆಗೆ ಟೋಪಿ ತೆಗೆದಾಗ ನನ್ನ ತುರುಬಿಂದ ಮಾರ್ಕರ್ ಪೆನ್ನು ಬಿತ್ತು ಕಣೇ! ಮೂರನೇ ರೂಮಿನ ಪೆನ್ನು. ಕೈ ಖಾಲಿ ಬೇಕು ಅಂತ ತಲೆಗೆ ಸಿಕ್ಕಿಸ್ಕೊಂಡು, ಬೆಳಿಗ್ಗೆ ಅದರಲ್ಲೇ ಮೊದಲನೇ ರೂಮಿನ ಟ್ಯೂಬುಗಳಿಗೆ ನಂಬರ್ ಬರೀತಿದ್ದೆ. ಎಷ್ಟು ದಿನದಿಂದಲೋ ದೇವರೇ ಬಲ್ಲ. ಪೆನ್ನನ್ನೇ ಹತ್ತಿಯಲ್ಲಿ ಒರೆಸಿ, ಆ ಹತ್ತಿ ಅದ್ದಿದ ನೀರನ್ನ ಮಷೀನಿಗೆ ಹಾಕಿದ್ರೆ ಭರ್ಜರಿ ‘ಇದೆ’.

ಬೈಸ್ಕೊಂಡಿದ್ದು ಬಿಡು. ಈಗ ತಲೆ ಕೆಟ್ಟಿರೋದು ಬೇರೆ ವಿಷಯಕ್ಕೆ. ಇವತ್ತಿನ ಇಪ್ಪತ್ತೆರಡು ಜನರಲ್ಲಿ ಇಬ್ಬರಿಗೆ ಸಣ್ಣದಾಗಿ ‘ಇದೆ’ ಅಂತ ಬಂದಿತ್ತು. ಪೆನ್ನಿಂದ ಬಂತಾ, ಅವರ ಎದೆಯಿಂದಲೇ ಬಂತಾ? ನಮ್ಮ ಲ್ಯಾಬ್ ನಡೆಸೋ ಮೇಡಂ ಎಲ್ಲ ರಿಸಲ್ಟು ರದ್ದು ಮಾಡಿ, ಇಪ್ಪತ್ತೆರಡು ಜನರನ್ನೂ ಮತ್ತೆ ಕರೆಸಿ ಅಂದ್ರು. ಸರಿ ಅಂದೆ. ಆದ್ರೆ ಅಪ್ಪನ್ನ ಯಾರು ಕರೆಸ್ತಾರೆ ಅಕ್ಕಾ? ಎರಡು ತಿಂಗಳ ಕೆಮ್ಮು, ಪ್ಯಾಂಟು ಸೊಂಟದಲ್ಲಿ ನಿಲ್ತಿಲ್ಲ ಅಂತ ನೀನೇ ಹೇಳಿದ್ದೆ. ಭಾನುವಾರ ನೀನು ಅಪ್ಪನಿಗೆ ಟಿಬಿ ‘ಇಲ್ಲ’ ಅನ್ನೋ ನಿಮ್ಮೂರ ಲ್ಯಾಬಿನ ರಿಪೋರ್ಟಿನ ಫೋಟೋ ಕಳಿಸಿದಾಗ ನಾನೂ “ಅಬ್ಬಾ, ಬದುಕಿದ್ವಿ” ಅಂತ ಕುಣಿದೆ. ನಮ್ಮಲ್ಲಿ ನೀರಿಗೂ ‘ಇದೆ’, ನಿಮ್ಮಲ್ಲಿ ಅಪ್ಪನಿಗೂ ‘ಇಲ್ಲ’. ಯಾವುದನ್ನ ನಂಬ್ಲಿ? ನಾನು ಸುಮ್ಮನೆ ಹೆದರ್ತಿದೀನಾ, ಪೆನ್ನಿನ ಗಾಬರಿ ತಂದು ಅಪ್ಪನ ಮೇಲೆ ಹಾಕ್ತಿದೀನಾ, ನನಗೇ ಗೊತ್ತಾಗ್ತಿಲ್ಲ. ನಿನ್ನ ಪಾಪು ಬೇರೆ ದಿನಾ ಅವರ ಪಕ್ಕದಲ್ಲೇ ಮಲಗ್ತಾಳೆ.

ಅಪ್ಪನಿಗೆ ನಮಸ್ಕಾರ ಹೇಳು, ನಾನು ಅತ್ತಿದ್ದು ಹೇಳ್ಬೇಡ. ಭಾವನಿಗೂ ನಮಸ್ಕಾರ. ಪಾಪುಗೆ ಎರಡು ಕೆನ್ನೆಗೂ ಒಂದೊಂದು ಮುತ್ತು.

ಇಂತಿ ನಿನ್ನ ತಂಗಿ,
ಗಡಿಬಿಡಿ

ಮತ್ತೊಂದು: ಅಕ್ಕಾ, ಕಾಗದ ಮುಗಿಸಿದ ಮೇಲೆ ಆ ಫೋಟೋನ ದೊಡ್ಡದು ಮಾಡಿ ನೋಡಿದೆ. ‘ಇಲ್ಲ’ ಅನ್ನೋದಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಮಾದರಿ: ಎಂಜಲು’ ಅಂತಿದೆ. ಕಫ ಅಲ್ಲ. ಅಪ್ಪ ಜನರೆದುರು ಕ್ಯಾಕರಿಸೋಕೆ ನಾಚಿಕೊಂಡು ಬರೀ ಉಗಿದು ಕೊಟ್ಟು ಬಂದಿರ್ತಾರೆ. ಡಬ್ಬಿಯಲ್ಲೇ ಇಲ್ಲದ್ದನ್ನ ಯಾವ ಮಷೀನೂ ಹುಡುಕಲ್ಲ, ನನ್ನದೂ ಹುಡುಕಲ್ಲ. ಇದೊಂದರಲ್ಲಿ ನನಗೆ ಗೊಂದಲ ಇಲ್ಲ. ಇವತ್ತಿಂದ ಪಾಪುನ ನಿನ್ನ ರೂಮಲ್ಲಿ ಮಲಗಿಸು, ಅವರ ಕಿಟಕಿ ತೆಗೆದಿಡು. ಅವರನ್ನ ಬೈಬೇಡ. ಎದ್ದ ತಕ್ಷಣ ಎದೆಯಾಳದಿಂದ ಕೆಮ್ಮಿ ಕಫ ತೆಗೀಬೇಕು, ಹೇಗೆ ಅಂತ ನಾನೇ ಹೇಳಿಕೊಡ್ತೀನಿ. ಈ ಕಾಗದದ ಫೋಟೋ ಈಗಲೇ ಕಳಿಸ್ತೀನಿ, ನಾಳೆ ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರೋವಾಗ ಫೋನ್ ಮಾಡ್ತೀನಿ, ಎತ್ತು.