ಕಣ ಬಂದದ್ದನ್ನು ತೋರಿಸಿದಿರಿ, ಹೋದದ್ದನ್ನೂ ತೋರಿಸಿ

ಸುದ್ದಿವಾಹಿನಿಯ ಪ್ರಧಾನ ಸಂಪಾದಕರಾದ ಮಾನ್ಯರೇ,

ನಿಮ್ಮ ಚಾನಲ್ಲಿನಲ್ಲಿ ಗುಡುಗು ಸಿಡಿಲಿನ ಸಮೇತ ಪತ್ತೆಯಾದ ಆ ಕಣ ಇಲ್ಲವಂತೆ. ಹುಡುಕಿದ ವಿಜ್ಞಾನಿಗಳೇ ಹಾಗೆ ಹೇಳಿ ತಿಂಗಳುಗಳಾದವು. ಸುದ್ದಿ ನಿಮಗೆ ತಲುಪಲಿಲ್ಲವೋ, ತಲುಪಿಯೂ ಪ್ರಸಾರಕ್ಕೆ ಯೋಗ್ಯವೆನಿಸಲಿಲ್ಲವೋ ಗೊತ್ತಿಲ್ಲ. ನನ್ನ ತಂಗಿಗಂತೂ ತಲುಪಲಿಲ್ಲ. ಅದರ ಫಲವಾಗಿ ಅವಳು ವಿಜ್ಞಾನ ಓದುವುದನ್ನೇ ಬಿಡಲು ಹೊರಟಿದ್ದಾಳೆ.

ನಾನು ಹಟ್ಟಿಯವನು. ಹೈದರಾಬಾದಿಗೆ ಹೋದೆ, ಗೋವಾಕ್ಕೆ ಹೋದೆ, ಸದ್ಯಕ್ಕೆ ಪುಣೆಯಲ್ಲಿ ಟೈಲ್ಸ್ ಕೂರಿಸುತ್ತೇನೆ. ಒಂದು ಕಡೆ ಕಾಲು ನಿಲ್ಲುವುದಿಲ್ಲ. ಕೂತು ಬರೆಯುವ ತಾಳ್ಮೆಯೂ ಇಲ್ಲ. ಇದನ್ನು ಫೋನಿಗೆ ಹೇಳುತ್ತಿದ್ದೇನೆ, ಜೊತೆಗಿರುವ ಗೆಳೆಯ ತಿದ್ದಿ ಬರೆಯುತ್ತಾನೆ. ಮಾತು ಅತ್ತಿತ್ತ ಹರಿದರೆ ಕ್ಷಮಿಸಿ.

ಅಪ್ಪ ಯಂಕೋಬ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಗಾರ. ತಂಗಿ ಭಾಗ್ಯ ಲಿಂಗಸುಗೂರಿನಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಾಳೆ. ಕಳೆದ ವರ್ಷ ನಿಮ್ಮ ಕಾರ್ಯಕ್ರಮ ಬಂದಾಗ ನಾನೂ ಊರಲ್ಲಿದ್ದೆ. ಎಲ್ಲೋ ವಿದೇಶದ ಆಳದ ಗಣಿಯೊಂದರಲ್ಲಿ, ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಕಣ ಕೊನೆಗೂ ಸಿಕ್ಕಿಬಿಟ್ಟಿತು ಎಂದಿರಿ. ಕೆಂಪು ಅಕ್ಷರಗಳಲ್ಲಿ ‘ಪಠ್ಯಪುಸ್ತಕಗಳು ಇನ್ನು ರದ್ದಿ’ ಎಂದು ಬರೆದಿರಿ. ನಡುವೆ ಬನಿಯನ್ನಿನ ಜಾಹೀರಾತು ಬಂತು. ಆಮೇಲೆ ಮತ್ತೆ ಬ್ರಹ್ಮಾಂಡ.

ಗಣಿ ಎಂಬ ಮಾತು ಕೇಳಿದ್ದೇ ಭಾಗ್ಯ ಎದ್ದು ಟಿವಿಯ ಮುಂದೆ ಹೋಗಿ ಕೂತಳು. ನಮ್ಮ ಮನೆಯಲ್ಲಿ ಗಣಿಯಿಂದ ಬರುವುದು ಸುಸ್ತು ಮತ್ತು ಸಂಬಳ. ಅಲ್ಲಿ ಇಂಥದ್ದೂ ಸಿಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಅಪ್ಪಾ, ನೀ ಕೆಳಗ ಇಳಿದಾಗ ಆ ಕಣ ನಿನ್ನ ಮೈಯಾಗಿಂದನೂ ದಾಟಿ ಹೊಕ್ಕಾವಂತ! ನಿನಗೇನೂ ಗೊತ್ತಾಗಂಗಿಲ್ಲೇನು?”

“ಡ್ಯೂಟಿ ಮುಗಿಯೋದ್ರಾಗ ನನಗ ಸೊಳ್ಳಿ ಕಡಿದದ್ದೂ ಗೊತ್ತಾಗಂಗಿಲ್ಲವಾ,” ಎಂದರು ಅಪ್ಪ. “ಸುಮ್ಮನ ದಾಟಿ ಹೋಗೋದು ಬ್ಯಾಡ, ಒಂದೀಟು ನಿಂತು ಕೈ ಹಚ್ಚು ಅಂತ ಹೇಳು.”

ಅವತ್ತು ನಮ್ಮ ಮನೆಯಲ್ಲಿ ಎಷ್ಟು ನಕ್ಕೆವು! ಅದಕ್ಕೆ ನಿಮಗೆ ಋಣಿ. ವ್ಯಂಗ್ಯವಲ್ಲ, ನಿಜಕ್ಕೂ.

ಅದೇ ವಿಷಯವನ್ನು ಅವಳು ಕಾಲೇಜುಗಳ ವಿಜ್ಞಾನ ಸ್ಪರ್ಧೆಗೆ ಆರಿಸಿಕೊಂಡಳು. ಥರ್ಮಾಕೋಲಿನಲ್ಲಿ ಗಣಿ ಮಾಡಿದಳು, ತಳದಲ್ಲಿ ಒಂದು ಪುಟ್ಟ ಬಲ್ಬು ಇಟ್ಟಳು. ಕಣ ಪತ್ತೆಯಾಗಿದೆ ಎಂದು ವೇದಿಕೆಯ ಮೇಲೆ ಹೇಳಿದಾಗ ತೀರ್ಪುಗಾರರು ಕೇಳಿದರಂತೆ:

“ಅದು ತಪ್ಪಾಗೇತಿ ಅಂತ ವಿಜ್ಞಾನಿಗಳೇ ಹೇಳ್ಯಾರಲ್ಲಮ್ಮಾ, ನಿನಗ ಗೊತ್ತಿಲ್ಲೇನು?”

“ಟಿವಿಯಾಗ ತೋರ್ಸ್ಯಾರ್ರೀ ಸರ್...”

ಸಭೆಯೆಲ್ಲ ನಕ್ಕಿತು. ಹಿಂದಿನಿಂದ ಯಾವನೋ ಕೂಗಿದ: “ಕಣ ಓಡಿ ಹೊಂಟೈತಲೇ, ಬಾಗಲಾ ಹಾಕ್ರಿ!” ಅವಳು ಬಲ್ಬು ಆರಿಸಿ, ಮಾದರಿಯನ್ನು ಅಲ್ಲೇ ಬಿಟ್ಟು, ಹಟ್ಟಿಯ ಬಸ್ಸು ಹತ್ತಿದಳು.

ಆಮೇಲೆ ಅವಳ ಭೌತಶಾಸ್ತ್ರದ ಉಪನ್ಯಾಸಕರಾದ ಸಮೀಉಲ್ಲಾ ಸರ್ ನನಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ವಿಜ್ಞಾನಿಗಳು ಮೊದಲ ದಿನವೇ ‘ಏನೋ ಒಂದು ಗುರುತು ಕಾಣುತ್ತಿದೆ, ಇನ್ನೂ ನೋಡಬೇಕು’ ಎಂದಷ್ಟೇ ಹೇಳಿದ್ದರಂತೆ. ಮತ್ತೆ ನೋಡಿದಾಗ, ಅದು ಸುತ್ತಲಿನ ಬಂಡೆಯಿಂದ ಒಸರಿದ ಅನಿಲದ ಗುರುತೆಂದು ತಿಳಿದು, ತಾವಾಗಿಯೇ ಪ್ರಕಟಿಸಿದರಂತೆ. ಕೊನೆಗೆ ಸರ್ ಹೇಳಿದ ಮಾತು ನನ್ನನ್ನು ಬಿಡುತ್ತಿಲ್ಲ: “ಶಿವರಾಜ, ಆಕಿ ದಿನಾ ಬರ್ತಾಳಪಾ. ಆದ್ರ ಪ್ರಶ್ನೆ ಕೇಳೋದು ಬಿಟ್ಟಾಳ.”

ಮಾನ್ಯರೇ, ತಪ್ಪುವುದು ಅವಮಾನವೇ? ವರ್ಷಗಟ್ಟಲೆ ಕತ್ತಲಲ್ಲಿ ಕಾದು, ಸಿಕ್ಕಿತೆಂದುಕೊಂಡದ್ದನ್ನು ತಾವೇ ಅನುಮಾನಿಸಿ, ‘ಇಲ್ಲ, ಸಿಗಲಿಲ್ಲ’ ಎಂದು ಜಗತ್ತಿನ ಮುಂದೆ ಒಪ್ಪಿಕೊಂಡರಲ್ಲ, ಅದಲ್ಲವೇ ನನ್ನ ತಂಗಿಗೆ ತೋರಿಸಬೇಕಾಗಿದ್ದ ದೊಡ್ಡ ಸುದ್ದಿ? ಆ ಅರ್ಧವನ್ನು ನೀವು ನುಂಗಿದ್ದರಿಂದ ಅವರ ಪ್ರಾಮಾಣಿಕತೆಯೇ ಅವಳ ಪಾಲಿಗೆ ಮೋಸವಾಯಿತು. ನೀವು ರದ್ದಿ ಎಂದ ಪುಸ್ತಕವನ್ನು ಅವಳು ಈಗ ಕಟ್ಟಿಟ್ಟಿದ್ದಾಳೆ. ಬರುವ ವರ್ಷ ಮತ್ತೆ ಮೊದಲಿನಿಂದ ಆರ್ಟ್ಸಿಗೆ ಸೇರುತ್ತಾಳಂತೆ. ಆರ್ಟ್ಸ್ ಕೀಳಲ್ಲ. ಆದರೆ ಅವಳು ಅಲ್ಲಿಗೆ ಆಸೆಯಿಂದ ಹೋಗುತ್ತಿಲ್ಲ, ನಾಚಿಕೆಯಿಂದ ಓಡಿಹೋಗುತ್ತಿದ್ದಾಳೆ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಅದು ಹಳೇ ನ್ಯೂಸು ಸರ್, ಈಗ ಯಾರು ನೋಡ್ತಾರೆ?” ಎಂದರು. ಹಳೆಯದಾದರೆ ಆ ವಿಡಿಯೊ ಈಗಲೂ ನಿಮ್ಮ ಚಾನಲ್ಲಿನಲ್ಲಿ ಯಾಕೆ ಓಡುತ್ತಿದೆ? ಹೊಸ ಭಾಗ್ಯಂದಿರು ಬೇಕೇ?

ಕೊನೆಗೆ ಅವಳಿಗೆ ನಾನೇ ಹೇಳಿದೆ, ವಿಜ್ಞಾನಿಗಳು ಸುಳ್ಳು ಹೇಳಿಲ್ಲ, ತಾವೇ ತಿದ್ದಿಕೊಂಡಿದ್ದಾರೆ ಎಂದು. ಅವಳು ಮೆಲ್ಲಗೆ ಕೇಳಿದಳು:

“ಇದನ್ನ ಯಾವ ಚಾನಲ್‌ನಾಗ ನೋಡಿದಿ ಅಣ್ಣಾ?”

ಯಾವ ಚಾನಲ್ಲೂ ತೋರಿಸಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಕಣ ಸಿಗಲಿಲ್ಲ ಎಂಬುದನ್ನು ಪ್ರಸಾರ ಮಾಡಿ. ಅದೇ ಹೊತ್ತಿಗೆ, ಅದೇ ಗುಡುಗು, ಅದೇ ಕೆಂಪು ಅಕ್ಷರ. ಬೇಕಾದರೆ ಬನಿಯನ್ನಿನ ಜಾಹೀರಾತೂ ಇರಲಿ. ನಮ್ಮ ಮನೆಯಲ್ಲಿ ಈಗ ನಿಮ್ಮ ಚಾನಲ್ ಹಾಕುವುದಿಲ್ಲ. ನೀವು ದಿನ ತಿಳಿಸಿದರೆ, ಅವತ್ತೊಂದು ದಿನ ಹಾಕು ಎಂದು ಅವಳನ್ನು ನಾನೇ ಬೇಡಿಕೊಳ್ಳುತ್ತೇನೆ.

ಇಂತಿ,
ತಂಗಿಗೆ ಹೇಳಲು ಚಾನಲ್ಲಿನ ಹೆಸರಿಲ್ಲದ ಅಣ್ಣ,
ಶಿವರಾಜ
ಹಟ್ಟಿ, ಸದ್ಯಕ್ಕೆ ಪುಣೆ