ವೆಂಡಾಟರನ್ನು ವೇದಿಕೆಯ ಮೇಲೆ ಸಾಯಿಸಬೇಡಿ

ಮಾನ್ಯ ಪ್ರಾಂಶುಪಾಲರೇ,

ಮುಂದಿನ ಗುರುವಾರ ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ, ಇಂದಿಗೂ ಬದುಕಿರುವ ಒಂದು ಜನಾಂಗವನ್ನು ನೀವು ವೇದಿಕೆಯ ಮೇಲೆ ಸಾಯಿಸಲಿದ್ದೀರಿ. ಸಾಯಲು ಒಪ್ಪದ ನನ್ನ ಮಗಳು ಭವ್ಯಶ್ರೀಗೆ ಮರದ ಪಾತ್ರ ಕೊಟ್ಟಿದ್ದೀರಿ. ಮರಕ್ಕೆ ಮಾತಿಲ್ಲವಲ್ಲ! ಈ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ನಿಮ್ಮ ಕಂಪ್ಯೂಟರ್ ತಕ್ಷಣ ಉತ್ತರಿಸಿತು, ಮನುಷ್ಯರು ಯಾರೂ ಉತ್ತರಿಸಲಿಲ್ಲ. ಹಾಗಾಗಿ ಇಲ್ಲಿ ದುಬೈಯ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೂ ನಿಮ್ಮ ಶಾಲೆಗೆ ಮಕ್ಕಳನ್ನು ಕಳಿಸುವ ಉಡುಪಿ, ಮಂಗಳೂರಿನವರಿಗೆ ಅರ್ಥವಾಗುತ್ತದೆ.

ನಿಮ್ಮದು ಕೆನಡಾ ಪಠ್ಯಕ್ರಮದ ಶಾಲೆ, ನಾಟಕವೂ ಕೆನಡಾದ ಚರಿತ್ರೆಯದ್ದೇ. ಅದರಲ್ಲಿ ಹ್ಯೂರಾನ್-ವೆಂಡಾಟ್ ಎಂಬ ಮೂಲನಿವಾಸಿಗಳು ಬರುತ್ತಾರೆ. ಜಾರ್ಜಿಯನ್ ಕೊಲ್ಲಿಯ ಆಸುಪಾಸಿನಲ್ಲಿ ಮುಸುಕಿನ ಜೋಳ ಬೆಳೆದು, ಉದ್ದುದ್ದ ಮನೆಗಳಲ್ಲಿ ಕೂಡಿ ಬಾಳಿದವರು. ನಿಮ್ಮ ನಾಟಕದಲ್ಲಿ ಅವರು ತಲೆಗೆ ಕೋಳಿಪುಕ್ಕ ಸಿಕ್ಕಿಸಿಕೊಂಡು ಎರಡು ಸುತ್ತು ಕುಣಿದು, 'ನಮ್ಮ ಕುಲ ಇಂದಿಗೆ ಮುಗಿಯಿತು' ಎಂದು ಸಾಲಾಗಿ ಮಲಗುತ್ತಾರೆ. ದೀಪ ಆರುತ್ತದೆ, ಪೋಷಕರು ಚಪ್ಪಾಳೆ ತಟ್ಟುತ್ತಾರೆ. ಮುನ್ನೂರೈವತ್ತು ವರ್ಷಗಳಿಂದ ಯಾರಿಂದಲೂ ಆಗದ ಕೆಲಸವನ್ನು ನಿಮ್ಮ ಆರನೇ ತರಗತಿ ಐದು ನಿಮಿಷದಲ್ಲಿ ಮುಗಿಸುತ್ತದೆ.

ರಿಹರ್ಸಲ್‌ನಲ್ಲಿ ಭವ್ಯಶ್ರೀ ಮಲಗಲಿಲ್ಲ. "ಮಿಸ್, ದೇ ಡಿಡಂಟ್ ಡೈ. ದೇ ಶಿಫ್ಟೆಡ್" ಎಂದಳಂತೆ. ಬಾಡಿಗೆ ಏರಿದಾಗಲೆಲ್ಲ ದುಬೈಯೊಳಗೇ ಕರಾಮದಿಂದ ಅಲ್ ನಹ್ದಾಕ್ಕೆ, ಅಲ್ಲಿಂದ ಸಿಲಿಕಾನ್ ಓಯಸಿಸ್‌ಗೆ ಗಂಟುಮೂಟೆ ಕಟ್ಟಿದ ಮನೆಯ ಮಗುವಿಗೆ ಶಿಫ್ಟ್ ಆಗುವುದಕ್ಕೂ ಸಾಯುವುದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದು ಮಗುವಿನ ಮಾತು, ಒಪ್ಪುತ್ತೇನೆ. ಯುರೋಪಿನವರ ಜೊತೆ ಬಂದ ರೋಗಗಳಿಗೆ, ಆಮೇಲೆ ಯುದ್ಧಕ್ಕೆ ಸಿಕ್ಕಿ ವೆಂಡಾಟರು ಲೆಕ್ಕವಿಲ್ಲದಷ್ಟು ಜನರನ್ನು ಕಳೆದುಕೊಂಡರು, ಊರು ಬಿಟ್ಟು ಚದುರಿದರು. ಆದರೆ ಒಂದು ಗುಂಪು ಕ್ವಿಬೆಕ್ ನಗರದ ಪಕ್ಕ ನೆಲೆಸಿತು. ವೆಂಡಾಕೆ ಎಂಬ ಅವರ ಊರು ಈಗಲೂ ಅಲ್ಲೇ ಇದೆ. ಬೇರೆ ಕಡೆ ಹೋದವರ ಸಂತತಿ ವಯಾಂಡಾಟ್ ಎಂಬ ಹೆಸರಿನಲ್ಲಿ ಅಮೆರಿಕದ ಒಕ್ಲಹೋಮ, ಕಾನ್ಸಾಸ್, ಮಿಶಿಗನ್‌ಗಳಲ್ಲಿದೆ. ಮರೆತುಹೋಗಿದ್ದ ಮಾತೃಭಾಷೆಯನ್ನು ಅವರು ಮತ್ತೆ ಕಲಿಯುತ್ತಿದ್ದಾರೆ. ಸತ್ತವರು ಭಾಷೆ ಕಲಿಯುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅವರಲ್ಲಿ ಕುಲ ಬರುವುದು ತಾಯಿಯಿಂದ. ನಮ್ಮ ತುಳುವರಲ್ಲೂ ಬಳಿ, ಅಂದರೆ ಕುಲ, ತಾಯಿಯದ್ದೇ. ಇದು ತಿಳಿದ ದಿನ "ಅಮ್ಮಾ, ದೇ ಆರ್ ಲೈಕ್ ಅಸ್!" ಎಂದು ಮಗಳು ಮನೆ ತುಂಬ ಕುಣಿದಿದ್ದಳು. ನಿಮ್ಮ ನಾಟಕದಲ್ಲಿ ಮಾತ್ರ ಗಂಡಸರು ಅಪ್ಪಣೆ ಕೊಡುತ್ತಾರೆ, ಹೆಂಗಸರು ಜೋಳ ಕುಟ್ಟುತ್ತಾರೆ.

"ಒಂದು ನಾಟಕಕ್ಕೆ ಎಂಥ ಗಲಾಟೆ ಮಾರಾಯ್ತಿ? ಖಲಾಸ್ ಮಾಡು" ಎಂದರು ನನ್ನ ಗಂಡ ರಂಜಿತ್. ನಾನು ಬಿಡಲಿಲ್ಲ. ಆಫೀಸಿಗೆ ರಜೆ ಹಾಕಿ ನಿಮ್ಮ ಸಂಯೋಜಕಿಯನ್ನು ಕಂಡೆ. ಮರ್ಯಾದಸ್ಥೆ, ಚಹಾ ಕೊಟ್ಟರು. "ಬೇಜಾರು ಮಾಡಿಕೊಳ್ಳಲು ಆ ಸಮುದಾಯದವರು ಇಲ್ಲಿ ಯಾರಿದ್ದಾರೆ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದರು. ಎಂಥ ಬುದ್ಧಿ! ಎದುರಿಗಿಲ್ಲದವರೆಲ್ಲ ಸತ್ತವರಾದರೆ ಮಂಗಳೂರಿನಲ್ಲಿ ನನ್ನ ತಿಥಿ ಯಾವಾಗ ಮಾಡಿದರೆಂದು ವಿಚಾರಿಸಬೇಕು. ಊರು ಬಿಟ್ಟವರೆಲ್ಲ ಅಳಿದುಹೋದವರಾದರೆ, ಬೆಳಿಗ್ಗೆ ನಿಮ್ಮ ತರಗತಿಗಳಲ್ಲಿ ಹಾಜರಿ ಕೂಗಿದಾಗ ಓಗೊಡುವವರು ಯಾರು?

ನನಗೆ ಸಿಟ್ಟಿಗಿಂತ ಭಯವೇ ಹೆಚ್ಚು. ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಾಳೆ ಇನ್ಯಾವುದೋ ದೇಶದ ಶಾಲೆಯಲ್ಲಿ ನಮ್ಮನ್ನೂ ಹೀಗೇ ಸಾಲಾಗಿ ಮಲಗಿಸಿದರೆ, ಎದ್ದು ನಿಲ್ಲುವ ಮಗು ಅಲ್ಲಿ ಒಂದಾದರೂ ಇದ್ದೀತೇ?

ಕಳೆದ ವಾರ ಭವ್ಯಶ್ರೀ ನಾಟಕದ ಸುದ್ದಿಯನ್ನು, ಅದರ ಕೊನೆಯೊಂದನ್ನು ಬಿಟ್ಟು, ಬರೆದು ವೆಂಡಾಕೆಗೆ ಒಂದು ಇಮೇಲ್ ಕಳಿಸಿದಳು. ನಿಮಗಿಂತ ಬೇಗ ಉತ್ತರ ಬಂತು. ಅಲ್ಲಿನ ಅಜ್ಜಿಯೊಬ್ಬರು ಬರೆದಿದ್ದಾರೆ: "ನಾವು ಚೆನ್ನಾಗಿದ್ದೇವೆ ಮಗು, ಇಲ್ಲಿ ಹಿಮ ಬೀಳುತ್ತಿದೆ. ದುಬೈ ಮಕ್ಕಳು ನಮ್ಮ ಕಥೆ ಆಡುತ್ತಾರೆಂದು ಮೊಮ್ಮಕ್ಕಳಿಗೆ ಹೇಳಿದೆ, ಅವರಿಗೆ ಬಹಳ ಖುಷಿ. ವಿಡಿಯೊ ಕಳಿಸುತ್ತೀಯಾ?"

ಆದ್ದರಿಂದ 'ಕುಲ ಮುಗಿಯಿತು' ಎಂಬ ಆ ಕೊನೆಯ ಮಾತನ್ನು ತೆಗೆಯಿರಿ. ಮಲಗಿದ ಮಕ್ಕಳನ್ನು ಎಬ್ಬಿಸಿ. ನನ್ನ ಮಗಳಿಗೆ ಅವಳ ಪಾತ್ರ ವಾಪಸ್ ಕೊಡಿ. ಆಗದಿದ್ದರೆ ವಿಡಿಯೊವನ್ನು ದಯವಿಟ್ಟು ನೀವೇ ಕಳಿಸಿ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿರುವ ಆ ಅಜ್ಜಿಗೆ, ನೀವೆಲ್ಲ ಸತ್ತಿದ್ದೀರಿ ಎಂದು ನಿಮ್ಮ ಸಹಿ ಹಾಕಿ ತಿಳಿಸಿ.

ಇಂತಿ,
ಊರು ಬಿಟ್ಟೂ ಸದ್ಯಕ್ಕೆ ಉಸಿರಾಡುತ್ತಿರುವ,
ರಾಜೀವಿ
(ಮರದ ಪಾತ್ರಧಾರಿಯ ತಾಯಿ)
ದುಬೈ, ಫೆಬ್ರುವರಿ 2016